ಹಲವು ಬೀಗಗಳಿಗೆ ಒಂದೇ ಕೈ

ಐರೋಲಿಯಿಂದ ಠಾಣೆ ಖಾಡಿಯನ್ನು ದಾಟಿ ತುಸು ದಕ್ಷಿಣಕ್ಕೆ ಸಾಗಿದರೆ ವಿಕ್ರೋಲಿಯಲ್ಲಿ ಗೋದ್ರೆಜ್ ಸಂಸ್ಥೆಯ ವಿಶಾಲ ಕಾರ್ಖಾನೆಗಳು ಕಾಣಸಿಗುತ್ತವೆ. ಅರ್ದೇಶಿರ್ ಗೋದ್ರೆಜರು ಮುಂಬಯಿಯ ಲಾಲ್‌ಬಾಗಿನಲ್ಲಿ ಬೀಗ ತಯಾರಿಕೆಗೆ ತೊಡಗಿದುದು 1897ರಲ್ಲಿ. ಅಷ್ಟರಲ್ಲಿ, ಅಮೆರಿಕದ ಕಿರಿಯ ಲೈನಸ್ ಯೇಲನು 1861 ಮತ್ತು 1865ರಲ್ಲಿ ಪೇಟೆಂಟು ಪಡೆದ ಪಿನ್ನಿನ ಬೀಗವು ಮೂರು ದಶಕಗಳನ್ನು ಕಂಡಿತ್ತು. ಪ್ರಾಚೀನ ಈಜಿಪ್ಟಿನ ಮರದ ಬೀಗದ ತತ್ತ್ವವೇ ಅದರ ಮೂಲ.

ಈ ಬೀಗದೊಳಗಿನ ಉರುಳೆಯನ್ನು ತಿರುಗದಂತೆ ತಡೆಯುವುವು ಸ್ಪ್ರಿಂಗಿನಿಂದ ಒತ್ತಲ್ಪಟ್ಟ ಪಿನ್ನುಗಳು. ಒಂದೊಂದು ಪಿನ್ನೂ ಎರಡು ತುಂಡು. ತಕ್ಕ ಕೈಯ ಹಲ್ಲುಗಳು ಅವುಗಳನ್ನೆತ್ತಿ, ತುಂಡುಗಳ ನಡುವಣ ಸಂದುಗಳೆಲ್ಲ ಉರುಳೆಯ ಅಂಚಿಗೆ ಸರಿಯಾಗಿ ಬಂದಾಗ ಮಾತ್ರ ಉರುಳೆ ತಿರುಗುತ್ತದೆ. ತುಂಡುಗಳ ನಡುವೆ ತೆಳುವಾದೊಂದು ಬಿಲ್ಲೆಯನ್ನಿಟ್ಟರೆ ಸಂದು ಎರಡಾಗುತ್ತದೆ: ಒಂದು ಆಯಾ ಕೋಣೆಯ ಕೈಗೆ, ಮತ್ತೊಂದು ಎಲ್ಲ ಕೋಣೆಗಳನ್ನೂ ತೆರೆಯುವ ಮಾಸ್ಟರ್ ಕೈಗೆ.

ಈ ಅನುಕೂಲಕ್ಕೆ ಬೆಲೆಯುಂಟು. ಐದು ಪಿನ್ನುಗಳಲ್ಲಿಯೂ ಒಂದೊಂದು ಬಿಲ್ಲೆಯಿದ್ದರೆ ಆ ಬೀಗವನ್ನು 32 ಬಗೆಯ ಕೈಗಳು ತೆರೆಯಬಲ್ಲವು. ಒಂದೇ ಕೋಣೆಯ ಬೀಗ ಮತ್ತು ಕೈ ದೊರೆತವನು ಅವುಗಳಿಂದಲೇ ಮಾಸ್ಟರ್ ಕೈಯ ಆಕಾರವನ್ನು ಕಂಡುಕೊಳ್ಳಬಹುದೆಂದು ಅಮೆರಿಕದ ಗಣಕ ವಿಜ್ಞಾನಿ ಮ್ಯಾಟ್ ಬ್ಲೇಜ್ 2003ರಲ್ಲಿ ಪ್ರಕಟಿಸಿ ತೋರಿಸಿದರು. ನೂರಾರು ಕೋಣೆಗಳ ಕಟ್ಟಡಗಳಿರುವ ಐರೋಲಿಯಂಥ ನಗರಗಳಲ್ಲಿ ಈ ಲೆಕ್ಕವು ಸ್ಮರಣೀಯ: ಮೇಲ್ವಿಚಾರಕನ ಕೀಲಿಗೊಂಚಲು ಹಗುರಾದಷ್ಟೂ ಒಳಗಿರುವವರ ಭದ್ರತೆಯೂ ತೆಳುವಾಗುತ್ತದೆ.