ದಂಡನಾಯಕ ಕಾರ್ಯಪ್ಪನವರು

ನಮ್ಮ ಧಾರವಾಡ ಸೀಮೆಯ ಹಳೆಯ ಗುಡಿಗಳ ಮುಂದೆ ನಿಂತ ಶಾಸನಗಳನ್ನು ನೀವು ನೋಡಿರಬಹುದು. ಕಲ್ಯಾಣ ಚಾಲುಕ್ಯರ ಕಾಲದ ಆ ಕಲ್ಲುಗಳಲ್ಲಿ ‘ದಂಡನಾಯಕ’, ‘ಸಂಧಿವಿಗ್ರಹಿ’ ಎಂಬ ಎರಡು ಪದವಿಗಳು ಎಷ್ಟೋ ಸಲ ಒಬ್ಬನ ಹೆಸರಿನೊಡನೆಯೇ ಬರುತ್ತವೆ. ಮೊದಲನೆಯದು ಸೈನ್ಯ ನಡೆಸುವ ಹೊಣೆ. ಎರಡನೆಯದು ಪರರಾಜರೊಡನೆ ಮಾತುಕತೆಯ ಹೊಣೆ. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡನ್ನೂ ಹೊತ್ತ ಕನ್ನಡ ನಾಡಿನವರೊಬ್ಬರುಂಟು. ಅವರೇ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರು.

ಕೊಡಗಿನ ಶನಿವಾರಸಂತೆಯಲ್ಲಿ 1899ರಲ್ಲಿ ಹುಟ್ಟಿದ ಕಾರ್ಯಪ್ಪನವರು ಮಡಿಕೇರಿಯಲ್ಲಿಯೂ ಮದರಾಸಿನಲ್ಲಿಯೂ ಓದಿ, ಇಂದೂರಿನ ಸೈನಿಕ ಶಾಲೆಯಲ್ಲಿ ಶಿಕ್ಷಣ ಪಡೆದು, 1919ರಲ್ಲಿ ಅಧಿಕಾರಿಯಾದರು. ಅಂದಿನ ಸೈನ್ಯ ಹೇಗಿತ್ತೆಂಬುದನ್ನು ನೆನೆಯಿರಿ. ಬಿಳಿಯ ಅಧಿಕಾರಿಯು ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಬರಬಾರದೆಂದು, ಭಾರತೀಯ ಅಧಿಕಾರಿಗಳನ್ನು ಕೆಲವೇ ತುಕಡಿಗಳಿಗೆ ಕಟ್ಟಿಹಾಕುವ ಯೋಜನೆಯನ್ನು ಆಂಗ್ಲರು 1923ರಲ್ಲಿ ತಂದರು. ಅಂಥ ಕಾಲದಲ್ಲಿ, 1933ರಲ್ಲಿ, ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಸೇರಿದ ಮೊದಲ ಭಾರತೀಯ ಅಧಿಕಾರಿ ಇವರು. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ಪಡೆದ ಮೊದಲ ಭಾರತೀಯರೂ ಇವರೇ.

1947ರಲ್ಲಿ ದೇಶದೊಡನೆ ಸೈನ್ಯವೂ ಎರಡಾಯಿತು. ಒಂದೇ ಪಂಕ್ತಿಯಲ್ಲಿ ಉಂಡವರು ಎದುರುಬದುರಾದರು. ಮರುವರ್ಷ ಕಾಶ್ಮೀರದ ಕಾಳಗದ ಹೊಣೆ ಕಾರ್ಯಪ್ಪನವರ ಹೆಗಲಿಗೆ ಬಂದಿತು. 1948ರ ನವೆಂಬರಿನಲ್ಲಿ, 11,000 ಅಡಿಗೂ ಎತ್ತರದ ಝೋಜಿ ಲಾ ಕಣಿವೆಗೆ ನಮ್ಮವರು ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ತೆರೆದರು. ಅಲ್ಲಿ ದಂಡನ್ನು ನಡೆಸಿದವರು ಮತ್ತೊಬ್ಬ ಕೊಡಗಿನ ವೀರ, ತಿಮ್ಮಯ್ಯನವರು.

1949ರ ಜನವರಿ 15ರಂದು ಜನರಲ್ ಬುಚರರಿಂದ ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದರು. ಆಗ ನಮ್ಮ ಹುಬ್ಬಳ್ಳಿ-ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದವು. ಕೊಡಗು ಪ್ರತ್ಯೇಕ ಪ್ರಾಂತವಾಗಿತ್ತು. ನಾವು ಒಂದೇ ರಾಜ್ಯದವರಾದುದು 1956ರಲ್ಲಿ. ಇಂದಿಗೂ ಜನವರಿ 15 ಸೈನ್ಯದ ದಿನ.

ಸೈನಿಕನು ರಾಜಕೀಯದಿಂದ ದೂರವಿರಬೇಕೆಂದು ಅವರು ತಮ್ಮವರಿಗೆ ಹೇಳುತ್ತಿದ್ದರು. 1953ರಲ್ಲಿ ಅವಧಿ ಮುಗಿಯಲು ದಂಡವನ್ನು ಮತ್ತೊಬ್ಬರ ಕೈಗಿತ್ತು, ಸರ್ಕಾರ ಹೇಳಿದಂತೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಿಗೆ ಹೈಕಮಿಷನರಾಗಿ ಹೋದರು. 1956ರವರೆಗೆ ಅಲ್ಲಿ ಭಾರತದ ಮಾತನ್ನಾಡಿದರು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಅವರ ಕೈಕೆಳಗೆ ಹಿಂದೆ ದುಡಿದಿದ್ದ ಅಯೂಬ್ ಖಾನರು 1958ರಲ್ಲಿ ಪಾಕಿಸ್ತಾನದ ಅಧಿಕಾರವನ್ನೇ ಕೈಗೆ ತೆಗೆದುಕೊಂಡರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಒಂದೇ ಗರಡಿಯಲ್ಲಿ ಪಳಗಿದ ಇಬ್ಬರು. ನಡೆದ ದಾರಿಗಳು ಎರಡು.

ಈ ಇಬ್ಬರ ನಡುವೆ ಇನ್ನೊಂದು ಪ್ರಸಂಗ ಕಾದಿತ್ತು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಿಮಾನದಳದ ಅಧಿಕಾರಿ, ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದರು. ಸುದ್ದಿಯನ್ನು ಪಾಕಿಸ್ತಾನದ ರೇಡಿಯೋ ಸಾರಿತು. ಹಳೆಯ ಪರಿಚಯವನ್ನು ನೆನೆದು ಅಯೂಬರು, ಬೇಕಾದರೆ ಮಗನನ್ನು ಬಿಟ್ಟುಕೊಡುವುದಾಗಿ ಮಡಿಕೇರಿಗೆ ಹೇಳಿ ಕಳುಹಿಸಿದರಂತೆ. ಉಳಿದ ಸೆರೆಯಾಳುಗಳಿಗಿಲ್ಲದ ಉಪಚಾರ ತಮ್ಮ ಮಗನಿಗೆ ಬೇಡವೆಂದರು ಕಾರ್ಯಪ್ಪನವರು. ಹೆತ್ತ ಕರುಳು ಏನೆಂದಿರಬಹುದೆಂಬುದನ್ನು ಮಕ್ಕಳುಳ್ಳ ನೀವೇ ಊಹಿಸಿರಿ. ಮಗ ಮರಳಿದ್ದು ಇತರರಂತೆ 1966ರಲ್ಲಿ.

1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಸಂದಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಕಾಲವಾದರು. ಮುಂದಿನ ಜನವರಿ 15ರಂದು ಬಾನುಲಿಯಲ್ಲಿ ಸೈನ್ಯದ ವಾದ್ಯಘೋಷ ಕೇಳಿಬಂದಾಗ, ತಮ್ಮ ಮಗನನ್ನೂ ಎಲ್ಲರ ಸಾಲಿನಲ್ಲಿಯೇ ನಿಲ್ಲಿಸಿದ ಆ ತಂದೆಯನ್ನು ಒಮ್ಮೆ ನೆನೆಯಿರಿ.