ಬದಲಾವಣೆಯ ವೇಗ ಕುಂದಿದೆಯೇ?

ತಂತ್ರಜ್ಞಾನವೂ ಜನಪ್ರಿಯ ಸಂಸ್ಕೃತಿಯೂ ಮೊದಲಿನಷ್ಟು ಬೇಗ ಬದಲಾಗುತ್ತಿಲ್ಲ ಎಂಬ ವಾದ ಹುಟ್ಟಿದ್ದು ಅಮೆರಿಕದ ಅರ್ಥಶಾಸ್ತ್ರದಲ್ಲಿ. ಅಲ್ಲಿನ ಉತ್ಪಾದಕತೆಯ ಬೆಳವಣಿಗೆ 1973ರ ಸುಮಾರಿಗೆ ಕುಸಿಯಿತು. ಕಚೇರಿಗಳಿಗೆ ಕಂಪ್ಯೂಟರ್ ಬಂದರೂ ಅದು ಬೇಗ ಚೇತರಿಸಿಕೊಳ್ಳಲಿಲ್ಲ. ಈ ವಿರೋಧಾಭಾಸದತ್ತ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲೇ ಬೊಟ್ಟು ಮಾಡಿದರು. ಇಂಟರ್ನೆಟ್ ಹರಡಿದ ಕಾಲದಲ್ಲಿ ಬಂದ ಏರಿಕೆ ಸುಮಾರು ಹತ್ತು ವರ್ಷವಷ್ಟೇ ನಿಂತಿತು.

ಅರ್ಥಶಾಸ್ತ್ರಜ್ಞರಾದ ಟೈಲರ್ ಕೋವೆನ್ 2011ರಲ್ಲಿ, ರಾಬರ್ಟ್ ಗಾರ್ಡನ್ 2016ರಲ್ಲಿ ಈ ವಾದವನ್ನು ಪುಸ್ತಕರೂಪಕ್ಕೆ ತಂದರು. ವಿದ್ಯುತ್, ನಲ್ಲಿ ನೀರು, ಮೋಟಾರು ವಾಹನ ಬಂದ 1870ರಿಂದ 1970ರವರೆಗಿನ ಶತಮಾನ ಮರುಕಳಿಸುವಂಥದ್ದಲ್ಲ ಎಂಬುದು ಗಾರ್ಡನ್ ನಿಲುವು. ವಿಮಾನಯಾನ ಇದಕ್ಕೆ ಒಳ್ಳೆಯ ಸಾಕ್ಷಿ. ರೈಟ್ ಸಹೋದರರ 1903ರ ಹಾರಾಟದಿಂದ ಬೋಯಿಂಗ್ 707 ಅಟ್ಲಾಂಟಿಕ್ ದಾಟಿ ಪ್ರಯಾಣಿಕರನ್ನು ಒಯ್ಯುವವರೆಗೆ ಹಿಡಿದದ್ದು 55 ವರ್ಷ. 1958ರ ಆ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಇಂದಿನ ವಿಮಾನಗಳದೂ ಹೆಚ್ಚುಕಡಿಮೆ ಅಷ್ಟೇ. ಅದರ ಎರಡರಷ್ಟಕ್ಕೂ ಹೆಚ್ಚು ವೇಗದ ಕಾನ್ಕಾರ್ಡ್ 1976ರಲ್ಲಿ ಸೇವೆಗೆ ಬಂದು, ವಿಪರೀತ ಖರ್ಚು ಮತ್ತು ಸದ್ದಿನ ಕಾರಣಕ್ಕೆ ಬೇರೂರಲಾರದೆ 2003ರಲ್ಲಿ ನಿಂತುಹೋಯಿತು. ಆದರೆ ವೇಗವೊಂದನ್ನೇ ನೋಡುವುದು ಸರಿಯಲ್ಲ. ಇದೇ ಅವಧಿಯಲ್ಲಿ ವಿಮಾನಗಳ ಇಂಧನ ಬಳಕೆ ಬಹಳ ತಗ್ಗಿತು, ಸುರಕ್ಷತೆ ಅಪಾರವಾಗಿ ಹೆಚ್ಚಿತು.

ಸಂಶೋಧನೆಯ ಒಳಗನ್ನು ನೋಡಿದ ಅಧ್ಯಯನಗಳು ಆಮೇಲೆ ಬಂದವು. ಚಿಪ್‌ಗಳ ಸಾಂದ್ರತೆ ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗಲು 1970ರ ದಶಕದ ಆರಂಭಕ್ಕಿಂತ 18 ಪಟ್ಟು ಹೆಚ್ಚು ಸಂಶೋಧಕರು ಬೇಕಾಗಿದ್ದಾರೆಂದು ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು. ಇಡೀ ಚರ್ಚೆಯಲ್ಲಿ ಹೆಚ್ಚು ಗಟ್ಟಿಯಾದ ಪುರಾವೆ ಇದೇ.

ಸಂಸ್ಕೃತಿಯ ಕುರಿತ ವಾದ ಇಷ್ಟು ಬಿಗಿಯಾಗಿಲ್ಲ. ಹಳೆಯದೆಲ್ಲ ಯೂಟ್ಯೂಬ್‌ನಲ್ಲಿ ಕೈಗೆಟಕುವಾಗ ಪಾಪ್ ಸಂಗೀತ ತನ್ನ ಗತಕಾಲದಲ್ಲೇ ಮುಳುಗಿದೆ ಎಂದು ಸಂಗೀತ ವಿಮರ್ಶಕ ಸೈಮನ್ ರೆನಾಲ್ಡ್ಸ್ 2011ರಲ್ಲಿ ವಾದಿಸಿದರು. ಬ್ರಿಟನ್ನಿನ ಸಂಸ್ಕೃತಿ ವಿಮರ್ಶಕ ಮಾರ್ಕ್ ಫಿಶರ್ 2014ರಲ್ಲಿ ಒಂದು ಪರೀಕ್ಷೆ ಮುಂದಿಟ್ಟರು: ಇತ್ತೀಚಿನ ಹಾಡೊಂದನ್ನು 1995ಕ್ಕೆ ಕಳುಹಿಸಿದರೆ ಅಲ್ಲಿನ ಕೇಳುಗರು ಬೆಚ್ಚುತ್ತಾರೆಯೇ? ಇಲ್ಲ ಎಂದೇ ಅವರ ಉತ್ತರ. ಅಗ್ಗದ ಬಾಡಿಗೆ ಮನೆ, ನಿರುದ್ಯೋಗ ಭತ್ಯೆಯಂಥ ಆಸರೆಗಳು ಬ್ರಿಟನ್ನಿನಲ್ಲಿ ಕರಗಿ, ಪ್ರಯೋಗಕ್ಕೆ ಕಲಾವಿದರಿಗೆ ಬಿಡುವೇ ಉಳಿಯಲಿಲ್ಲ ಎಂಬ ಅವರ ವಿವರಣೆ ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹ.

ಆದರೆ ಅಳೆದು ನೋಡಿದವರಿಗೆ ಕಂಡದ್ದು ಬೇರೆ. ಸಂಶೋಧಕ ಮಥಿಯಾಸ್ ಮೌಖ್ ಅವರ ತಂಡ 1960ರಿಂದ 2010ರವರೆಗೆ ಅಮೆರಿಕದ ಜನಪ್ರಿಯತಾ ಪಟ್ಟಿಗೇರಿದ ಸುಮಾರು 17,000 ಹಾಡುಗಳ ಸ್ವರಮೇಳ, ನಾದಗುಣಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿತು. ತೀವ್ರ ಬದಲಾವಣೆ ಕಂಡದ್ದು 1964, 1983 ಮತ್ತು 1991ರಲ್ಲಿ. ಕೊನೆಯದು ರ‍್ಯಾಪ್ ಮುನ್ನೆಲೆಗೆ ಬಂದ ಕಾಲ. ಹಾಡುಗಳೆಲ್ಲ ಒಂದೇ ತೆರನಾಗುತ್ತಿವೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ವೈವಿಧ್ಯ ಅತಿ ಕಡಿಮೆ ಇದ್ದದ್ದು 1986ರ ಆಸುಪಾಸಿನಲ್ಲಿ.

ವೈದ್ಯಕೀಯದಲ್ಲಿ ನಿಧಾನವೂ ವೇಗವೂ ಒಟ್ಟಿಗೇ ಕಾಣುತ್ತವೆ. 1967ರಲ್ಲಿ ಬಂದ ಮಂಗನಬಾವು ಲಸಿಕೆ ಸಿದ್ಧವಾಗಲು ಹಿಡಿದ ನಾಲ್ಕು ವರ್ಷ ಬಹುಕಾಲ ದಾಖಲೆಯಾಗಿತ್ತು. ಕೋವಿಡ್ ವೈರಾಣುವಿನ ಜೀನೋಮ್ ಪ್ರಕಟವಾದದ್ದು 2020ರ ಜನವರಿಯಲ್ಲಿ. ಅದರ ವಿರುದ್ಧದ ಎಂಆರ್‌ಎನ್‌ಎ ಲಸಿಕೆಗೆ ಬ್ರಿಟನ್ ಅನುಮತಿ ನೀಡಿದ್ದು ಅದೇ ವರ್ಷದ ಡಿಸೆಂಬರ್ 2ರಂದು. ಆದರೆ ಆ ಲಸಿಕೆಗೆ ತಳಹದಿಯಾದ, ವಿಜ್ಞಾನಿಗಳಾದ ಕಾರಿಕೋ ಮತ್ತು ವೈಸ್‌ಮನ್ ಅವರ ಮುಖ್ಯ ಪ್ರಬಂಧ 2005ರದು.