ದಮ್ಮು ಕಟ್ಟುವುದೋ, ಬಿಡುವುದೋ?

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನ ಕಲ್ಲಿಗೆ ಕೈಹಾಕುವ ಮುನ್ನ ಒಮ್ಮೆ ಎದೆ ತುಂಬ ಉಸಿರೆಳೆದುಕೊಳ್ಳುತ್ತಾನೆ. ಮರುಕ್ಷಣ ಕೊರಳ ನರಗಳು ಉಬ್ಬುತ್ತವೆ, ಮುಖ ಕೆಂಪೇರುತ್ತದೆ, ಬಾಯಿಂದ ಉಸಿರೂ ಇಲ್ಲ, ಮಾತೂ ಇಲ್ಲ. ಕಲ್ಲು ಹೆಗಲೇರಿದ ಮೇಲೆಯೇ ದೊಡ್ಡ ಸದ್ದಿನೊಡನೆ ಗಾಳಿ ಹೊರಬೀಳುತ್ತದೆ. ಇದನ್ನು ಯಾರಾದರೂ ಕಲಿಸಬೇಕೆಂದೇನೂ ಇಲ್ಲ; ತುಂಬಿದ ಅಕ್ಕಿಮೂಟೆ ಎತ್ತಲು ಬಗ್ಗುವ ಯಾರೇ ಆಗಲಿ ಮಾಡುವುದು ಇದನ್ನೇ. ಶಕ್ತಿಯನ್ನೂ ಉಸಿರನ್ನೂ ಕನ್ನಡದ ಆಡುಮಾತು ಬೇರೆ ಮಾಡಿಯೇ ಇಲ್ಲ. ತಾಕತ್ತಿದೆಯೇ ಎಂದು ಕೇಳಬೇಕಾದಲ್ಲಿ ‘ದಮ್ಮಿದೆಯೇನೋ’ ಎನ್ನುವುದು ವಾಡಿಕೆ.

ಪೇಟೆಯ ಜಿಮ್‌ಗೆ ಹೊಸದಾಗಿ ಸೇರಿದವನಿಗೆ ಮೊದಲ ದಿನವೇ ಸಿಗುವ ಬುದ್ಧಿಮಾತು ಮಾತ್ರ ಇದಕ್ಕೆ ತದ್ವಿರುದ್ಧ. ಉಸಿರು ಹಿಡಿಯಬೇಡಿ, ಎತ್ತುವಾಗ ಬಿಡಿ, ಇಳಿಸುವಾಗ ಎಳೆದುಕೊಳ್ಳಿ ಎಂಬುದು ಅಲ್ಲಿನ ಪಾಠ. ಹಾಗಾದರೆ ಜಾತ್ರೆಯ ಪೈಲ್ವಾನ ಮಾಡುತ್ತಿರುವುದು ತಪ್ಪೇ? ಬೆನ್ನನ್ನು ನೋಡಿದವರು ಅಲ್ಲವೆಂದರು. ಹೃದಯವನ್ನು ನೋಡಿದವರು ಹೌದೆಂದರು. ಇಬ್ಬರ ಬಳಿಯೂ ಸಾಕ್ಷ್ಯವಿತ್ತು.

ಪ್ರಶ್ನೆ ಹೊಸದಲ್ಲ. ಗ್ರೀಸ್‌ನ ಒಲಿಂಪಿಯಾದಲ್ಲಿ ಸಿಕ್ಕ, ಕ್ರಿ.ಪೂ. 6ನೇ ಶತಮಾನದ್ದೆಂದು ಹೇಳುವ 143 ಕಿಲೋ ತೂಕದ ಕಲ್ಲೊಂದರ ಮೇಲೆ, ಬೈಬಾನ್ ಎಂಬಾತ ಅದನ್ನು ಒಂದೇ ಕೈಯಲ್ಲಿ ತಲೆಯ ಮೇಲಿಂದ ಎಸೆದನೆಂಬ ಬರಹವಿದೆ. ನಂಬುವುದು ಕಷ್ಟ, ನಂಬಿದರೂ ಆತ ಆಗ ಉಸಿರನ್ನೇನು ಮಾಡಿದನೆಂದು ಕಲ್ಲು ಹೇಳುವುದಿಲ್ಲ. ಕ್ರಿ.ಶ. 2ನೇ ಶತಮಾನದ ವೈದ್ಯ ಗ್ಯಾಲೆನ್ ಆರೋಗ್ಯ ಪಾಲನೆಯ ಕುರಿತ ತನ್ನ ಗ್ರಂಥದಲ್ಲಿ, ಉಸಿರನ್ನು ಬಿಗಿಹಿಡಿಯುವುದನ್ನು ವ್ಯಾಯಾಮದ ಕೊನೆಗೆ ಮಾಡಬೇಕಾದ ಕ್ರಿಯೆಗಳಲ್ಲಿ ಸೇರಿಸಿದ್ದಾನೆ. ಮೈಯೊಳಗೆ ಉಳಿದ ಕಲ್ಮಶ ಅದರಿಂದ ಹೊರಹೋಗುತ್ತದೆಂಬುದು ಅವನ ಎಣಿಕೆ.

ಈ ಕ್ರಿಯೆಗೆ ವೈದ್ಯಶಾಸ್ತ್ರದಲ್ಲಿ ಇಂದಿರುವ ಹೆಸರು ಬಂದದ್ದು ಮಾತ್ರ ಗರಡಿಯಿಂದಲ್ಲ, ಕಿವಿಯಿಂದ. ಇಟಲಿಯ ಇಮೋಲಾದಲ್ಲಿ 1666ರಲ್ಲಿ ಹುಟ್ಟಿದ ಆಂಟೋನಿಯೋ ಮರಿಯಾ ವಾಲ್ಸಾಲ್ವಾ ಬೊಲೋನ್ಯಾದಲ್ಲಿ ಮಾಲ್ಪೀಗಿಯ ಶಿಷ್ಯನಾಗಿದ್ದವನು. 1704ರಲ್ಲಿ ಪ್ರಕಟವಾದ ಅವನ ಗ್ರಂಥ ಮನುಷ್ಯನ ಕಿವಿಯ ರಚನೆಯನ್ನು ಕುರಿತದ್ದು. ಕಿವಿಯಲ್ಲಿ ಕೀವು ತುಂಬಿದವರಿಗೆ ಅವನು ಹೇಳಿದ ಉಪಾಯ ಸರಳ: ಬಾಯಿ, ಮೂಗು ಎರಡನ್ನೂ ಮುಚ್ಚಿ ಒಳಗಿನಿಂದ ಬಲವಾಗಿ ಊದಬೇಕು. ಗಂಟಲಿನಿಂದ ಕಿವಿಗಿರುವ ನಾಳದ ಮೂಲಕ ಗಾಳಿ ನುಗ್ಗಿ, ತೂತಾದ ತಮಟೆಯ ದಾರಿಯಲ್ಲಿ ಕೀವನ್ನು ಹೊರದೂಡುತ್ತದೆ. ವಿಮಾನ ಇಳಿಯುವಾಗ ಕಿವಿ ಕಟ್ಟಿದವರು ಮೂಗು ಹಿಡಿದು ಊದುವುದೂ ಇದೇ. ತನ್ನ ಹೆಸರು ಮುಂದೆ ಕಬ್ಬಿಣದ ಗುಂಡುಗಳಿಗೆ ಅಂಟಿಕೊಳ್ಳುತ್ತದೆಂದು ಆತ ಕನಸಿನಲ್ಲೂ ಎಣಿಸಿರಲಾರ.

ಹೃದಯದ ಮಾತು ಬಂದದ್ದು ಸುಮಾರು ಒಂದೂವರೆ ಶತಮಾನದ ನಂತರ. ಜರ್ಮನಿಯ ಲೈಪ್‌ಜಿಗ್‌ನ ಎಡ್ವರ್ಡ್ ವೆಬರ್ 1851ರ ಸುಮಾರಿಗೆ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ಉಸಿರು ಬಿಗಿಹಿಡಿದು ಎದೆಯನ್ನು ಒಳಗೊಳಗೇ ಹಿಂಡಿದರೆ ನಾಡಿ ಕ್ಷೀಣಿಸಿ ಮಾಯವಾಗುವುದನ್ನು ಕಂಡ. ಒಮ್ಮೆ ಎಚ್ಚರವೂ ತಪ್ಪಿತು. ಕಾರಣ ಗೂಢವೇನಲ್ಲ. ಗಾಳಿ ತುಂಬಿದ ಎದೆಯನ್ನು ಮುಚ್ಚಿದ ಗಂಟಲಿನ ವಿರುದ್ಧ ಒತ್ತಿದಾಗ, ರಕ್ತವನ್ನು ಹೃದಯಕ್ಕೆ ಹಿಂತಿರುಗಿಸುವ ದೊಡ್ಡ ಅಭಿಧಮನಿಗಳು ಹಿಸುಕಿಹೋಗುತ್ತವೆ. ಹೃದಯಕ್ಕೆ ಬರುವುದೇ ಕಡಿಮೆಯಾದರೆ ಅದು ಕಳಿಸುವುದಾದರೂ ಎಲ್ಲಿಂದ? ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಉಸಿರು ಬಿಟ್ಟ ಮೇಲೆ ರಕ್ತದೊತ್ತಡ ಮೊದಲು ಕುಸಿದು, ಹಿಂದೆಯೇ ಮಾಮೂಲಿಗಿಂತ ಮೇಲಕ್ಕೆ ಚಿಮ್ಮುತ್ತದೆ. ತಲೆಸುತ್ತು ಭಾರ ಹೊತ್ತಾಗ ಮಾತ್ರವಲ್ಲ, ಇಳಿಸಿದ ಮೇಲೂ ಬರುವುದಕ್ಕೆ ಇದೇ ಕಾರಣ.

ಭಾರ ಎತ್ತುವ ಕಣದಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಂಡದ್ದು ‘ಪ್ರೆಸ್’ ಎಂಬ ಪಟ್ಟಿನಲ್ಲಿ. ಗುಂಡನ್ನು ಎದೆಯ ಮಟ್ಟಕ್ಕೆ ತಂದು, ಕಾಲಿನ ನೆರವಿಲ್ಲದೆ ತೋಳಬಲದಿಂದಲೇ ತಲೆಯ ಮೇಲಕ್ಕೊತ್ತುವ ವಿಧಾನವದು. ನಿಧಾನದ ಕೆಲಸ, ಅಷ್ಟು ಹೊತ್ತೂ ಉಸಿರು ಕಟ್ಟಿರಬೇಕು. ಎತ್ತುವ ಮೊದಲು ಗಬಗಬನೆ ಹಲವು ಬಾರಿ ಉಸಿರಾಡುವ ಅಭ್ಯಾಸ ಸೇರಿದರಂತೂ ಅಪಾಯ ಇಮ್ಮಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ನಂತರ ಪ್ರೆಸ್ ಸ್ಪರ್ಧೆಯಿಂದಲೇ ಹೊರಬಿತ್ತು. ಸ್ಪರ್ಧಿಗಳು ಬೆನ್ನನ್ನು ಹಿಂದಕ್ಕೆ ಬಾಗಿಸಿ ಮಾಡುತ್ತಿದ್ದ ಕಳ್ಳಾಟವನ್ನು ತೀರ್ಪುಗಾರರಿಗೆ ಹಿಡಿಯಲಾಗದ್ದೇ ಅದಕ್ಕೆ ಮುಖ್ಯ ಕಾರಣ; ಮೂರ್ಛೆಯಲ್ಲ. ಆದರೂ ಮರುವರ್ಷವೇ ಬ್ರಿಟನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಭಾರ ಎತ್ತುವವರ ಎಚ್ಚರ ತಪ್ಪುವಿಕೆ ಕುರಿತ ಲೇಖನವೊಂದು ಬಂತು.

ಇನ್ನೊಂದು ಕಡೆಯ ಸಾಕ್ಷ್ಯವನ್ನು ಕೊಟ್ಟವರು ಬೆನ್ನಿನ ವೈದ್ಯರು. ಬಾರ್ಟೆಲಿಂಕ್ ಎಂಬಾತ 1957ರಲ್ಲಿ, ಭಾರ ಎತ್ತುವಾಗ ಹೊಟ್ಟೆಯೊಳಗೆ ಏರುವ ಒತ್ತಡವು ಸೊಂಟದ ಮೂಳೆಗಳ ನಡುವಿನ ಬಿಲ್ಲೆಗಳ ಹೊರೆಯನ್ನು ಇಳಿಸುತ್ತದೆಂದು ವಾದಿಸಿದ. ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಬಿಗಿಯಾಗಿ ತುಂಬಿದ ಗೋಣಿಚೀಲ ನೆಟ್ಟಗೆ ನಿಲ್ಲುತ್ತದೆ; ಅರೆಬರೆ ತುಂಬಿದ್ದು ನಡುವಿನಲ್ಲೇ ಮಡಿಚಿಕೊಳ್ಳುತ್ತದೆ. ಉಸಿರು ತುಂಬಿ, ಹೊಟ್ಟೆಯ ಸ್ನಾಯುಗಳನ್ನು ಸುತ್ತಲಿಂದ ಬಿಗಿದಾಗ ಮುಂಡವೂ ಹಾಗೆಯೇ ಗಟ್ಟಿಯಾಗುತ್ತದೆ. ಬಿಲ್ಲೆಗಳ ಹೊರೆ ನಿಜಕ್ಕೂ ಎಷ್ಟು ಇಳಿಯುತ್ತದೆಂಬ ಬಗ್ಗೆ ಮುಂದಿನವರು ಬಹಳ ಜಗಳವಾಡಿದ್ದಾರೆ. ಬೆನ್ನು ಅಲುಗಾಡದೆ ನಿಲ್ಲುತ್ತದೆಂಬುದಕ್ಕೆ ಹೆಚ್ಚಿನವರ ತಕರಾರಿಲ್ಲ. ಹಮಾಲರು ನಡುವಿಗೆ ಬಿಗಿಯುವ ವಸ್ತ್ರ, ಸ್ಪರ್ಧಿಗಳು ಕಟ್ಟುವ ಅಗಲ ಚರ್ಮದ ಪಟ್ಟಿ ನೆರವಾಗುವುದೂ ಈ ಬಿಗಿತಕ್ಕೇ.

ಇದಕ್ಕೆ ತೆರಬೇಕಾದ ಬೆಲೆ ಎಷ್ಟೆಂದು ಅಳೆದದ್ದು 1985ರಲ್ಲಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು ಐವರು ಅನುಭವಿ ದೇಹದಾರ್ಢ್ಯಪಟುಗಳ ತೋಳಿನ ಅಪಧಮನಿಯೊಳಗೇ ನಳಿಕೆ ತೂರಿಸಿ ರಕ್ತದೊತ್ತಡ ದಾಖಲಿಸಿದರು. ಎರಡೂ ಕಾಲಿನಿಂದ ಭಾರ ಒತ್ತುವ ವ್ಯಾಯಾಮದಲ್ಲಿ ಅತಿ ಹೆಚ್ಚಿನ ಒತ್ತಡದ ಸರಾಸರಿ 320/250ರಷ್ಟಿತ್ತು; ಒಬ್ಬನಲ್ಲಿ ಅದು 480/350ನ್ನೂ ದಾಟಿತು. ಆರೋಗ್ಯವಂತನ ಒತ್ತಡ 120/80ರ ಆಸುಪಾಸು ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಇದರಲ್ಲಿ ಉಸಿರಿನ ಪಾಲೆಷ್ಟು? 1995ರ ಮತ್ತೊಂದು ಅಧ್ಯಯನ ಅದನ್ನು ಬೇರ್ಪಡಿಸಿ ತೋರಿಸಿತು. ತಮ್ಮ ಶಕ್ತಿಯ ಗರಿಷ್ಠ ಭಾರವನ್ನು ದಮ್ಮು ಕಟ್ಟಿ ಒತ್ತಿದಾಗ ಸರಾಸರಿ 311/284 ಇದ್ದ ಒತ್ತಡ, ಅದೇ ಭಾರವನ್ನು ನಿಧಾನವಾಗಿ ಉಸಿರು ಬಿಡುತ್ತ ಒತ್ತಿದಾಗ 198/175ಕ್ಕೆ ನಿಂತಿತು. ಇಷ್ಟಾದರೂ ಪೈಲ್ವಾನರ ಮಿದುಳಿನ ರಕ್ತನಾಳ ಸಾಮಾನ್ಯವಾಗಿ ಒಡೆಯುವುದಿಲ್ಲವಲ್ಲ? ಅಮೆರಿಕದ ಹ್ಯಾಮಿಲ್ಟನ್ ಮತ್ತು ಸಂಗಡಿಗರು 1936ರಲ್ಲೇ ಇದಕ್ಕೊಂದು ಸಮಾಧಾನ ಹೇಳಿದ್ದರು: ಉಸಿರು ಬಿಗಿದಾಗ ಮಿದುಳು, ಬೆನ್ನುಹುರಿಗಳ ಸುತ್ತಲಿನ ದ್ರವದ ಒತ್ತಡವೂ ಜೊತೆಗೇ ಏರಿ ನಾಳಗಳಿಗೆ ಹೊರಗಿನಿಂದ ಆನಿಕೆ ಕೊಡುತ್ತದೆ. ದೇಹ ತನ್ನ ಕೇಡಿಗೆ ತಾನೇ ಕಟ್ಟಿಕೊಂಡ ಒಡ್ಡು ಇದು. ಆದರೆ ಮೊದಲೇ ದುರ್ಬಲವಾದ ನಾಳಕ್ಕೆ ಈ ಒಡ್ಡು ಸಾಕೆಂದು ಯಾರೂ ಭರವಸೆ ಕೊಡಲಾರರು.

ಕರ್ನಾಟಕದಲ್ಲಿ ಕಬ್ಬಿಣದ ಗುಂಡೂ ಯೋಗವೂ ಒಂದೇ ಸೂರಿನಡಿ ಬಂದ ಕಾಲವೊಂದಿತ್ತು. ‘ಶಾಂತಲಾ’ ಕಾದಂಬರಿಯ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದವರು. 1930ರಲ್ಲಿ ಬಂದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಹಠಯೋಗವನ್ನೂ ಬಾರ್‌ಬೆಲ್ಲನ್ನೂ ಜೋಡಿಸಿದರು. ಅದೇ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆಯ ಬಳಿಯಲ್ಲೇ ಅಯ್ಯರ್ ಶಿಷ್ಯರೊಬ್ಬರ ವ್ಯಾಯಾಮಶಾಲೆಯೂ ಇತ್ತು. ಹೀಗಾಗಿ ಭಾರ ಎತ್ತುವವನ ಬಿಗಿಯುಸಿರು ಪ್ರಾಣಾಯಾಮದ ಕುಂಭಕವೇ ಎಂದು ಭಾವಿಸುವವರುಂಟು. ಎರಡೂ ಒಂದಲ್ಲ. ಕುಂಭಕದಲ್ಲಿ ಕುಳಿತವನ ಕೈಯಲ್ಲಿ ಹೊರೆಯಿಲ್ಲ, ಮೈಯ ಸ್ನಾಯುಗಳೆಲ್ಲ ಒಟ್ಟಿಗೆ ರಕ್ತನಾಳಗಳನ್ನು ಹಿಂಡುತ್ತಿರುವುದೂ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅದು ಭಾರವನ್ನೂ ಎತ್ತುವವನನ್ನೂ ಅವಲಂಬಿಸಿದೆ. ಗರಿಷ್ಠ ಶಕ್ತಿಯ ಸುಮಾರು ಶೇ. 80ನ್ನು ಮೀರಿದ ಭಾರಕ್ಕೆ ಕ್ಷಣಕಾಲ ಉಸಿರು ಕಟ್ಟುವುದು ತಪ್ಪಿಸಲಾಗದ ಸಂಗತಿ; ಬೇಡವೆಂದರೂ ದೇಹ ಕಟ್ಟಿಯೇ ಕಟ್ಟುತ್ತದೆ. ಪಳಗಿದ ಸ್ಪರ್ಧಿ ಎತ್ತುವ ಮುನ್ನ ಉಸಿರು ತುಂಬಿ, ಹೊಟ್ಟೆ ಬಿಗಿದು, ಅತಿ ಕಷ್ಟದ ಘಟ್ಟ ದಾಟಿದ ಕೂಡಲೇ ಬಿಡುತ್ತಾನೆ, ಮುಂದಿನ ಸರದಿಗೆ ಹೊಸ ಉಸಿರು ತೆಗೆದುಕೊಳ್ಳುತ್ತಾನೆ. ಆರೋಗ್ಯಕ್ಕೆಂದು ಹಗುರ ಡಂಬೆಲ್ ಹಿಡಿದವನಿಗೆ ಇದರ ಅಗತ್ಯವಿಲ್ಲ. ಅವನಿಗೆ ಜಿಮ್‌ನ ಪಾಠವೇ ಸರಿ. ಆದರೆ ಹಗುರ ಭಾರವನ್ನೇ ಮತ್ತೆ ಮತ್ತೆ ಎತ್ತಿ ಕೈ ಸೋತಾಗಲೂ ದಮ್ಮು ತಾನಾಗಿಯೇ ಕಟ್ಟುತ್ತದೆ. ಅಲ್ಲಿಗೆ ನಿಲ್ಲಿಸುವುದು ಲೇಸು. ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು ವೈದ್ಯರನ್ನು ಕೇಳದೆ ದೊಡ್ಡ ಭಾರಕ್ಕೆ ಕೈಹಾಕಬಾರದು. ಅಂಥವರು ಉಸಿರು ಕಟ್ಟುತ್ತಿದೆಯೇ ಎಂದು ತಿಳಿಯಲು ಉಪಕರಣವೇನೂ ಬೇಡ, ಎತ್ತುವಾಗ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿದರಾಯಿತು. ಗಂಟಲು ಮುಚ್ಚಿಕೊಂಡು ಯಾರಿಗೂ ಎಣಿಸಲು ಬರುವುದಿಲ್ಲ.